ಚಾರ್ಜರಿಗೆ ಮೊದಲ ಪ್ಲಗ್ ಹಾಕುವ ಮುನ್ನ

(ಹಾಲು ಶೀತಲೀಕರಣ ಘಟಕವಿರುವ ಸಹಕಾರ ಸಂಘಗಳ ಕಾರ್ಯದರ್ಶಿಗಳು ಮತ್ತು ಹಾಲು ಪರೀಕ್ಷಕರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಯವರು ನೀಡಿದ ಉಪನ್ಯಾಸದ ಬರಹರೂಪ. ಶಿಬಿರಕ್ಕೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಪ್ರಕಟಿಸಲಾಗಿದೆ.)



ದನದ ಡಾಕ್ಟರಿಗೂ ಬ್ಯಾಟರಿ ಚಾರ್ಜರಿಗೂ ಏನು ಸಂಬಂಧ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಪ್ರಶ್ನೆ ನ್ಯಾಯವಾದದ್ದೇ. ಯಂತ್ರವನ್ನು ಬಿಚ್ಚಿ ರಿಪೇರಿ ಮಾಡುವ ವಿದ್ಯೆ ನನ್ನದಲ್ಲ. ಅದಕ್ಕೆ ಇಂಜಿನಿಯರು, ಎಲೆಕ್ಟ್ರೀಷಿಯನ್ ಇದ್ದಾರೆ. ಆದರೆ ಚಾರ್ಜರನ್ನು ತಪ್ಪು ಜಾಗದಲ್ಲಿ ಇಟ್ಟು, ತಪ್ಪು ರೀತಿಯಲ್ಲಿ ಜೋಡಿಸಿದಾಗ ಅದರ ಫಲ ಬಂದು ನಿಲ್ಲುವುದು ಮೂರು ಕಡೆ: ಕೆಲಸ ಮಾಡುವ ಹುಡುಗನ ಕಣ್ಣು ಕೈಗಳ ಮೇಲೆ, ತೊಟ್ಟಿಯಲ್ಲಿರುವ ಹಾಲಿನ ಮೇಲೆ, ಸಂಘದ ಅಂಗಳಕ್ಕೆ ಬರುವ ಹಸು ಕರುಗಳ ಮೇಲೆ. ಈ ಮೂರನೆಯದು ನನ್ನ ಇಲಾಖೆಯದು. ಅದಕ್ಕಾಗಿಯೇ ಇಂದು ಈ ವಿಷಯ ಎತ್ತಿಕೊಂಡಿದ್ದೇನೆ.

ಹಿಂದೆ ನಮ್ಮ ಸಂಘಗಳಲ್ಲಿ ಕರೆಂಟಿನ ಕೆಲಸ ಬಹಳ ಇರಲಿಲ್ಲ. ಲ್ಯಾಕ್ಟೋಮೀಟರು, ಕೈಯಿಂದ ತಿರುಗಿಸುವ ಗರ್ಬರ್ ಯಂತ್ರ, ಅಳತೆಯ ಪಾತ್ರೆ, ಒಂದು ಬಲ್ಬು ಇಷ್ಟಿದ್ದರೆ ಹಾಲು ಶೇಖರಣೆ ಮುಗಿಯುತ್ತಿತ್ತು. ಈಗ ತೂಕದ ಯಂತ್ರ, ಹಾಲು ವಿಶ್ಲೇಷಕ, ಕಂಪ್ಯೂಟರು, ಅವುಗಳಿಗೆ ಬ್ಯಾಟರಿ. ಶೀತಲೀಕರಣ ಘಟಕವಿದ್ದರೆ ಡೀಸೆಲ್ ಜನರೇಟರು, ಅದನ್ನು ಚಾಲೂ ಮಾಡಲು ಇನ್ನೊಂದು ದೊಡ್ಡ ಬ್ಯಾಟರಿ. ಹಾಲನ್ನು 4 ಡಿಗ್ರಿಗೆ ಇಳಿಸಿ ಅಲ್ಲಿಯೇ ಉಳಿಸಿಕೊಳ್ಳಬೇಕು. ಬೇಸಿಗೆಯ ಸಂಜೆ ಕರೆಂಟು ಹೋಗಿ, ಜನರೇಟರಿನ ಬ್ಯಾಟರಿ ಸತ್ತಿದ್ದರೆ ಎರಡು ಸಾವಿರ ಲೀಟರ್ ಹಾಲು ಯಾರ ಮನೆಯದು? ನಿಮ್ಮೆಲ್ಲರ ಮನೆಯದು. ಆದ್ದರಿಂದಲೇ ಹಲವು ಸಂಘಗಳು 12 ವೋಲ್ಟ್, 24 ವೋಲ್ಟ್ ಎರಡಕ್ಕೂ ಆಗುವ ದೊಡ್ಡ ಚಾರ್ಜರನ್ನು, ಅಂದರೆ ಗ್ಯಾರೇಜುಗಳಲ್ಲಿ ಮತ್ತು ಕಾರ್ಖಾನೆಗಳಲ್ಲಿ ಬಳಸುವಂಥದ್ದನ್ನು, ಕೊಳ್ಳುತ್ತಿವೆ. ಕೊಳ್ಳುವುದು ಒಳ್ಳೆಯದೇ. ಆದರೆ ಯಂತ್ರ ಬಂದ ದಿನವೇ ಪೆಟ್ಟಿಗೆ ಒಡೆದು, ಸಿಕ್ಕಿದ ಪ್ಲಗ್ಗಿಗೆ ಸಿಕ್ಕಿಸಿ, 'ದೀಪ ಹತ್ತಿತು, ಸರಿಯಾಗಿದೆ' ಎನ್ನುವುದು ಒಳ್ಳೆಯದಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾನು ಇಂದು ಹೇಳುವುದು ಒಂದೇ ಮಾತು. ಚಾರ್ಜರಿನಿಂದ ಆಗಬಹುದಾದ ಅಪಾಯಗಳಲ್ಲಿ ಹೆಚ್ಚಿನವನ್ನು ಅದರ ಸ್ವಿಚ್ಚನ್ನು ಮೊದಲ ಸಲ ಒತ್ತುವ ಮುನ್ನವೇ ತಪ್ಪಿಸಬಹುದು. ಅದಕ್ಕೆ ಬೇಕಾದದ್ದು ಅರ್ಧ ದಿನದ ಸಿದ್ಧತೆ.

ಬ್ಯಾಟರಿಯೊಳಗೆ ಏನಿದೆ?

ನಮ್ಮ ಜನರೇಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಸೀಸ ಮತ್ತು ಆಮ್ಲದ ಬ್ಯಾಟರಿ. ಒಂದೊಂದು ಕೋಶವೂ ಸುಮಾರು 2 ವೋಲ್ಟ್ ಕೊಡುತ್ತದೆ. ಅಂಥ ಆರು ಕೋಶ ಸೇರಿ 12 ವೋಲ್ಟ್. ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದರೆ 24 ವೋಲ್ಟ್. ಒಳಗೆ ಸೀಸದ ಫಲಕಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ.

ಚಾರ್ಜ್ ಆಗುತ್ತಾ ಬಂದು ಬ್ಯಾಟರಿ ತುಂಬುವ ಹೊತ್ತಿಗೆ ಒಳಗಿನ ನೀರು ಒಡೆದು ಜಲಜನಕ ಮತ್ತು ಆಮ್ಲಜನಕಗಳಾಗಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಈ ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಬಹಳ ಹಗುರವಾದ್ದರಿಂದ ನೇರ ಮೇಲೇರಿ ಸೂರಿನಡಿ ನಿಲ್ಲುತ್ತದೆ. ಕೋಣೆಯ ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಸಣ್ಣ ಕಿಡಿಗೆ ಸಿಡಿಯುತ್ತದೆ. ಬೀಡಿಯ ತುದಿ, ಸ್ವಿಚ್ಚಿನ ಕಿಡಿ, ಸಡಿಲವಾದ ಕ್ಲಿಪ್ಪಿನ ಚಟಪಟ, ಯಾವುದಾದರೂ ಆದೀತು. ಸಿಡಿದಾಗ ಬ್ಯಾಟರಿಯ ಡಬ್ಬಿ ಒಡೆದು ಆಮ್ಲ ಮುಖಕ್ಕೆ ಹಾರುತ್ತದೆ.

ಹೀಗೆ ನಾವು ಸಂಭಾಳಿಸಬೇಕಾದ ಅಪಾಯಗಳು ನಾಲ್ಕು: ಕರೆಂಟು, ಅನಿಲ, ಆಮ್ಲ ಮತ್ತು ಸೀಸ. ಇವು ನೆನಪಿದ್ದರೆ ಮುಂದೆ ಹೇಳುವ ಪ್ರತಿಯೊಂದು ಎಚ್ಚರಿಕೆಯ ಕಾರಣವೂ ತಾನೇ ಹೊಳೆಯುತ್ತದೆ.

ಮೊದಲ ಕೆಲಸ: ತಗಡಿನ ಮೇಲಿನ ಬರಹ ಓದಿ

ಪೆಟ್ಟಿಗೆ ಬಿಚ್ಚಿದ ಕೂಡಲೇ ಯಂತ್ರದ ಸುತ್ತ ಒಮ್ಮೆ ನೋಡಿ. ಸಾಗಣೆಯಲ್ಲಿ ತಗ್ಗಾಗಿದೆಯೇ, ಗಾಜು ಒಡೆದಿದೆಯೇ, ಒಳಗೆ ಏನಾದರೂ ಕಳಚಿ ಗಲಗಲ ಎನ್ನುತ್ತಿದೆಯೇ, ವೈರಿನ ಹೊದಿಕೆ ಎಲ್ಲಾದರೂ ಸೀಳಿದೆಯೇ ಎಂದು ಪರೀಕ್ಷಿಸಿ. ದೋಷ ಕಂಡರೆ ಪ್ಲಗ್ ಹಾಕದೆ ಮಾರಿದವರಿಗೆ ತಿಳಿಸಿ. ಮಳೆಯಲ್ಲಿ ನೆನೆದು ಬಂದ ಯಂತ್ರಕ್ಕೆ ಅಂದೇ ಕರೆಂಟು ಕೊಡಕೂಡದು.

ಬಳಿಕ ಯಂತ್ರದ ಬೆನ್ನಿಗೆ ಅಂಟಿಸಿರುವ ತಗಡನ್ನು ಓದಿ. ಅಲ್ಲಿ ನೋಡಬೇಕಾದದ್ದು ಮೂರು.

ಒಂದು, ಯಂತ್ರಕ್ಕೆ ಬೇಕಾದ ಕರೆಂಟು. 230 ವೋಲ್ಟಿನ ಸಿಂಗಲ್ ಫೇಸೋ, ಮೂರು ಫೇಸೋ? ಹಳ್ಳಿಯಲ್ಲಿ ಮೂರು ಫೇಸ್ ಎಷ್ಟು ಹೊತ್ತು ಇರುತ್ತದೆ ಎಂದು ಪಂಪ್‌ಸೆಟ್ ಇಟ್ಟುಕೊಂಡಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ಕೊಳ್ಳುವ ಮುನ್ನವೇ ಇದನ್ನು ವಿಚಾರಿಸಿಕೊಳ್ಳುವುದು ಲೇಸು.

ಎರಡು, ಯಂತ್ರ ಕೊಡುವ ವೋಲ್ಟೇಜು. 12 ಮತ್ತು 24 ಎರಡೂ ಇದ್ದರೆ ಆಯ್ಕೆಯ ಗುಂಡಿ ಯಾವುದರ ಮೇಲಿದೆ ಎಂದು ನೋಡಿ. 24ರ ಮೇಲಿಟ್ಟು 12 ವೋಲ್ಟಿನ ಬ್ಯಾಟರಿ ಜೋಡಿಸಿದರೆ ಅದು ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತದೆ. ಒಡೆಯಲೂಬಹುದು.

ಮೂರು, ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದು. ನೀರು ಹಾಕುವ ಬ್ಯಾಟರಿಗೆ ಒಂದು ಸುಲಭ ಲೆಕ್ಕವಿದೆ. ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಅವರ್ ಸಂಖ್ಯೆಯ ಹತ್ತನೇ ಒಂದು ಪಾಲು. 100 ಆಂಪಿಯರ್-ಅವರ್ ಬ್ಯಾಟರಿಗೆ 10 ಆಂಪಿಯರ್, 150ಕ್ಕೆ 15. 'ಬೇಗ ತುಂಬಲಿ' ಎಂದು ಇದಕ್ಕಿಂತ ಹೆಚ್ಚು ತಳ್ಳಿದರೆ ಬ್ಯಾಟರಿ ಕಾದು, ಫಲಕ ಸೊಟ್ಟಗಾಗಿ, ಆಯುಸ್ಸು ಅರ್ಧಕ್ಕೇ ಮುಗಿಯುತ್ತದೆ. ಕರುವಿಗೆ ಒಂದೇ ದಿನ ಬಕೆಟ್ ತುಂಬ ಹಾಲು ಕುಡಿಸಿದರೆ ಬೆಳೆಯುವುದಿಲ್ಲ, ಭೇದಿಯಾಗುತ್ತದೆ, ಇದೂ ಹಾಗೆಯೇ.

ಬ್ಯಾಟರಿಯ ಜಾತಿಯನ್ನೂ ನೋಡಬೇಕು. ನೀರು ಹಾಕುವ ಬ್ಯಾಟರಿ ಬೇರೆ, ಬಿರಡೆಯಿಲ್ಲದೆ ಮುಚ್ಚಿ ಬರುವ ಬ್ಯಾಟರಿ ಬೇರೆ. ಮುಚ್ಚಿದ ಬ್ಯಾಟರಿಗೆ ಹೆಚ್ಚು ವೋಲ್ಟೇಜು ಕೊಟ್ಟರೆ ಒಳಗಿನ ತೇವ ಹೊರಟುಹೋಗುತ್ತದೆ, ಮತ್ತೆ ತುಂಬಲು ದಾರಿಯಿಲ್ಲ. ಲಿಥಿಯಂ ಬ್ಯಾಟರಿಗೆ ಅದರದೇ ಚಾರ್ಜರು ಬೇಕು. ಈ ಯಂತ್ರದ ಹತ್ತಿರ ಅದನ್ನು ತರಲೇಬೇಡಿ.

ಎರಡನೆಯ ಕೆಲಸ: ಜಾಗ ಗೊತ್ತುಮಾಡಿ

ಚಾರ್ಜರಿಗೆ ಜಾಗ ಹುಡುಕುವಾಗ ಎಲ್ಲಿ ಖಾಲಿ ಇದೆ ಎಂದಷ್ಟೇ ನೋಡಿದರೆ ಸಾಲದು. ಎಲ್ಲಿ ಇಡಬಾರದು ಎಂಬುದನ್ನು ಮೊದಲು ನೋಡಿ.

ಹಾಲು ಸ್ವೀಕರಿಸುವ ಕೋಣೆಯಲ್ಲಿ ಬೇಡ. ಅಲ್ಲಿ ನೆಲ ಸದಾ ಒದ್ದೆ, ಜೊತೆಗೆ ಆಮ್ಲದ ಆವಿ ಹಾಲಿನ ಹತ್ತಿರ ಸುಳಿಯಬಾರದು. ಪಶು ಆಹಾರದ ಮೂಟೆ, ಖನಿಜ ಮಿಶ್ರಣ ಇಡುವ ಗೋದಾಮಿನಲ್ಲಿ ಬೇಡ. ಸುರಿದ ಆಮ್ಲ, ಉದುರಿದ ಸೀಸದ ಪುಡಿ ನೇರ ಹಸುವಿನ ಹೊಟ್ಟೆಗೆ ಹೋಗುತ್ತದೆ. ಡೀಸೆಲ್ ಡಬ್ಬದ ಪಕ್ಕ ಬೇಡ. ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನಿಡುವ ದ್ರವ ಸಾರಜನಕದ ಜಾಡಿ ಇರುವ ಚಿಕ್ಕ ಕೋಣೆಯಲ್ಲೂ ಬೇಡ. ಆ ಜಾಡಿಯಿಂದ ಬರುವ ಸಾರಜನಕ ಮುಚ್ಚಿದ ಕೋಣೆಯ ಉಸಿರಾಟದ ಗಾಳಿಯನ್ನು ಹೊರದಬ್ಬುತ್ತದೆ, ಅದರ ಜೊತೆಗೆ ಇನ್ನೊಂದು ಅನಿಲ ಏಕೆ?

ಬೇಕಾದದ್ದು ಒಣಗಿದ, ಬೀಗ ಹಾಕಬಹುದಾದ, ಗಾಳಿಯಾಡುವ ಒಂದು ಮೂಲೆ. ಕೆಳಗೆ ಗಾಳಿ ಒಳಬರಲು ಕಿಟಕಿ ಅಥವಾ ಜಾಲರಿ, ಮೇಲೆ ಸೂರಿನಂಚಿಗೆ ಅನಿಲ ಹೊರಹೋಗಲು ಗವಾಕ್ಷಿ ಇರಬೇಕು. ಜಲಜನಕ ಮೇಲೇರುವುದರಿಂದ ಕೆಳಗಿನ ಕಿಟಕಿ ಒಂದೇ ಇದ್ದರೆ ಸಾಲದು. ಚಾರ್ಜರನ್ನು ನೆಲದಿಂದ ಎತ್ತರದಲ್ಲಿ ಗಟ್ಟಿ ಮೇಜಿನ ಮೇಲೋ ಗೋಡೆಯ ಕಟ್ಟೆಯ ಮೇಲೋ ಇಡಿ, ಅದರ ಗಾಳಿಕಿಂಡಿಗಳ ಸುತ್ತ ಗೇಣುದ್ದ ಜಾಗ ಬಿಡಿ. ಬ್ಯಾಟರಿಯನ್ನು ಚಾರ್ಜರಿನ ನೇರ ಕೆಳಗೆ ಇಡಬೇಡಿ; ಅದರ ಆವಿ ಮೇಲೆದ್ದು ಯಂತ್ರದ ಒಳಗನ್ನು ತಿನ್ನುತ್ತದೆ. ವೈರು ಎಷ್ಟು ನಿಲುಕುತ್ತದೋ ಅಷ್ಟು ದೂರ ಪಕ್ಕಕ್ಕೆ, ಪ್ಲಾಸ್ಟಿಕ್ ತಟ್ಟೆಯ ಮೇಲೆ ಇಡಿ. ಇಲಿ ವೈರು ಕಡಿಯದಂತೆ ನೋಡಿಕೊಳ್ಳಿ. ಆಹಾರದ ಮೂಟೆ ದೂರವಿದ್ದರೆ ಇಲಿಯೂ ದೂರ.

ಮೂರನೆಯ ಕೆಲಸ: ಅರ್ಥಿಂಗ್

ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಇಲ್ಲಿ ಹಸುವಿನ ಜೀವದ ಪ್ರಶ್ನೆಯಿದೆ.

ಚಾರ್ಜರಿನ ಪ್ಲಗ್ಗಿಗೆ ಮೂರು ಪಿನ್ನು. ದಪ್ಪಗೆ, ಉದ್ದಕ್ಕೆ ಇರುವುದು ಅರ್ಥಿನ ಪಿನ್ನು. ಯಂತ್ರದೊಳಗೆ ಎಲ್ಲಾದರೂ ವೈರು ಸುಲಿದು ಕಬ್ಬಿಣದ ಮೈಗೆ ತಾಗಿದರೆ ಆ ಕರೆಂಟು ಇದರ ಮೂಲಕ ಭೂಮಿಗೆ ಇಳಿಯುತ್ತದೆ, ಫ್ಯೂಸ್ ಹಾರುತ್ತದೆ, ನೀವು ಬದುಕುತ್ತೀರಿ. ಸಾಕೆಟ್ಟಿಗೆ ಹೊಂದುವುದಿಲ್ಲ ಎಂದು ಆ ಪಿನ್ನನ್ನು ಮುರಿದರೆ, ಅಥವಾ ಬರಿಯ ಎರಡು ವೈರನ್ನು ಕಡ್ಡಿಯಿಂದ ತೂತಿಗೆ ಸಿಕ್ಕಿಸಿದರೆ, ಆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಒದ್ದೆ ನೆಲ, ಕಬ್ಬಿಣದ ಕಂಬ, ಹಾಲಿನ ತೊಟ್ಟಿ, ಮನುಷ್ಯನ ಮೈ ಇವೇ ಆ ದಾರಿಗಳು.

ನಮ್ಮ ಎಷ್ಟೋ ಸಂಘಗಳ ಅಂಗಳದಲ್ಲಿ ಕೃತಕ ಗರ್ಭಧಾರಣೆ ಮಾಡುವ ಕಬ್ಬಿಣದ ಟ್ರೆವಿಸ್ ಇದೆ. ಕ್ಯಾನು ತೊಳೆದ ನೀರು ಅದರ ಬುಡದಲ್ಲೇ ಹರಿಯುತ್ತದೆ. ಅಲ್ಲಿ ನಿಂತ ಹಸುವಿನ ಸ್ಥಿತಿ ನೋಡಿ. ಕಾಲಿಗೆ ಚಪ್ಪಲಿಯಿಲ್ಲ, ನಾಲ್ಕೂ ಗೊರಸು ಒದ್ದೆ ನೆಲದ ಮೇಲೆ. ಹಸುವಿನ ಮೈ ಮನುಷ್ಯನ ಮೈಗಿಂತ ಸುಲಭವಾಗಿ ಕರೆಂಟು ಹರಿಯಲು ಬಿಡುತ್ತದೆ. ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು. ಒಂದರಿಂದ ಇನ್ನೊಂದಕ್ಕೆ ಹರಿಯುವ ಕರೆಂಟಿನ ದಾರಿಯಲ್ಲೇ ಹೃದಯವಿದೆ. ಆದ್ದರಿಂದ ಚಪ್ಪಲಿ ಹಾಕಿದ ಮನುಷ್ಯನಿಗೆ 'ಚುರ್' ಎಂದೂ ಅನ್ನಿಸದ ಕೆಲವೇ ವೋಲ್ಟಿಗೆ ಹಸು ಬೆದರುತ್ತದೆ, ಮನುಷ್ಯ ತಪ್ಪಿಸಿಕೊಳ್ಳುವ ಹೊಡೆತಕ್ಕೆ ಹಸು ಸಾಯುತ್ತದೆ.

ಇನ್ನೊಂದು ಮಾತು. ನಿಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರವೋ ಪಂಪೋ ಇದ್ದು, ಹಸು ಒಂದು ನಿರ್ದಿಷ್ಟ ಜಾಗಕ್ಕೆ ಬರಲು ಒಲ್ಲೆನೆಂದರೆ, ನೀರಿನ ತೊಟ್ಟಿಗೆ ಬಾಯಿಟ್ಟು ಥಟ್ಟನೆ ಹಿಂದೆಗೆದರೆ, ನಿಂತಲ್ಲಿ ಕಾಲು ಎತ್ತಿ ಎತ್ತಿ ಇಟ್ಟರೆ, ಹಾಲು ಇಳಿಸದಿದ್ದರೆ ದೃಷ್ಟಿ ತೆಗೆಸುವ ಮುನ್ನ ಎಲೆಕ್ಟ್ರೀಷಿಯನ್ನನ್ನು ಕರೆಸಿ ನೋಡಿ. ಸೋರುವ ಕರೆಂಟು ಕಾರಣವಾಗಿರಬಹುದು.

ಆದ್ದರಿಂದ ಚಾರ್ಜರಿಗೆ ಪರವಾನಗಿ ಇರುವ ಎಲೆಕ್ಟ್ರೀಷಿಯನ್ನಿನಿಂದ ಪ್ರತ್ಯೇಕ 16 ಆಂಪಿಯರಿನ ಸಾಕೆಟ್, ತಕ್ಕ ಎಂ.ಸಿ.ಬಿ., ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಎಲ್ಲಕ್ಕೂ ಸೇರಿ ಸಾವಿರಾರು ರೂಪಾಯಿ ಆಗಬಹುದು. ಒಂದು ಮಿಶ್ರತಳಿ ಹಸುವಿನ ಬೆಲೆ ನಿಮಗೇ ಗೊತ್ತು. ಅರ್ಥಿನ ಗುಂಡಿ ಇದೆಯೆಂದರೆ ಸಾಲದು, ಅದು ಕೆಲಸ ಮಾಡುತ್ತಿದೆಯೇ ಎಂದು ಅಳೆಸಿ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿ. ನ್ಯೂಟ್ರಲ್ ವೈರನ್ನೇ ಅರ್ಥಿಗೆ ಸೇರಿಸುವ ಅಡ್ಡದಾರಿಯನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ.

ನಾಲ್ಕನೆಯ ಕೆಲಸ: ಬ್ಯಾಟರಿಯನ್ನು ಪರೀಕ್ಷಿಸಿ

ಹಾಲು ಪರೀಕ್ಷಕರಿಗೆ ಇಲ್ಲಿ ಹೊಸದೇನೂ ಇಲ್ಲ. ಹಾಲಿನ ಸಾಂದ್ರತೆ ನೋಡಲು ಲ್ಯಾಕ್ಟೋಮೀಟರ್ ಇದ್ದಂತೆ ಬ್ಯಾಟರಿಯ ಆಮ್ಲದ ಸಾಂದ್ರತೆ ನೋಡಲು ಹೈಡ್ರೋಮೀಟರ್ ಇದೆ. ಎರಡರ ತತ್ವವೂ ಒಂದೇ. ತುಂಬಿದ ಬ್ಯಾಟರಿಯಲ್ಲಿ ಅದು ಸಾಮಾನ್ಯವಾಗಿ 1.240ರಿಂದ 1.280ರ ನಡುವೆ ನಿಲ್ಲುತ್ತದೆ. ನಿಮ್ಮ ಬ್ಯಾಟರಿಗೆ ಎಷ್ಟೆಂದು ಅದರ ಕೈಪಿಡಿಯಲ್ಲಿ ಬರೆದಿರುತ್ತದೆ. ಆರು ಕೋಶಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದರೆ ಆ ಕೋಶ ಕೆಟ್ಟಿದೆ ಎಂದು ತಿಳಿಯಿರಿ. ಮಲ್ಟಿಮೀಟರ್ ಇದ್ದರೆ, ಕೆಲಸವಿಲ್ಲದೆ ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟಿನ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಆದರೆ ಸುಮಾರು ಅರ್ಧ. 10.5ಕ್ಕೂ ಕೆಳಗಿದ್ದರೆ ಚಾರ್ಜಿಗೆ ಹಾಕುವ ಮುನ್ನ ತಿಳಿದವರಿಗೆ ತೋರಿಸಿ. ಡಬ್ಬಿ ಉಬ್ಬಿದ, ಸೀಳಿದ, ಸೋರುವ ಬ್ಯಾಟರಿಯನ್ನು ಚಾರ್ಜ್ ಮಾಡಲೇಕೂಡದು.

ನೀರಿನ ಮಟ್ಟ ಫಲಕಗಳಿಗಿಂತ ಕೆಳಗಿದ್ದರೆ ಫಲಕ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಮುಗಿದ ಮೇಲೆ ಗುರುತಿನವರೆಗೆ ತುಂಬಿ. ಮೊದಲೇ ತುಂಬಿದರೆ ಕಾದಾಗ ಉಕ್ಕಿ ಆಮ್ಲ ಸುರಿಯುತ್ತದೆ. ಕೊಳವೆಬಾವಿಯ ನೀರಂತೂ ಬೇಡ. ಅದರ ಉಪ್ಪಿನಂಶ ಬ್ಯಾಟರಿಗೆ ಶತ್ರು.

ಇಲ್ಲೊಂದು ವಿಶೇಷ ಎಚ್ಚರಿಕೆ. ಹಳೆಯ ಸಂಘಗಳ ಕಪಾಟಿನಲ್ಲಿ ಜಿಡ್ಡು ಪರೀಕ್ಷೆಯ ಗರ್ಬರ್ ಆಮ್ಲದ ಸೀಸೆ ಉಳಿದಿರಬಹುದು. 'ಇದೂ ಗಂಧಕಾಮ್ಲ, ಅದೂ ಗಂಧಕಾಮ್ಲ' ಎಂದು ಅದನ್ನು ಬ್ಯಾಟರಿಗೆ ಸುರಿಯುವ ಯೋಚನೆ ಯಾರಿಗೂ ಬರದಿರಲಿ. ಗರ್ಬರ್ ಆಮ್ಲದ ಸಾಂದ್ರತೆ ಸುಮಾರು 1.81. ಅದು ಬ್ಯಾಟರಿಯ ಆಮ್ಲಕ್ಕಿಂತ ಎಷ್ಟೋ ಪಾಲು ಉಗ್ರ. ಬ್ಯಾಟರಿಯಲ್ಲಿ ಕಡಿಮೆಯಾಗುವುದು ನೀರೇ ಹೊರತು ಆಮ್ಲವಲ್ಲ.

ಮೊದಲ ಚಾರ್ಜು: ಕ್ರಮ ತಪ್ಪಬೇಡಿ

ಈಗ ಯಂತ್ರ ಸಿದ್ಧ, ಜಾಗ ಸಿದ್ಧ, ಬ್ಯಾಟರಿ ಸಿದ್ಧ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಚಪ್ಪಲಿ ಇರಲಿ. ಉಂಗುರ, ಕಡಗ, ಕೈಗಡಿಯಾರ ತೆಗೆದಿಡಿ. ಬ್ಯಾಟರಿಯ ಎರಡು ತುದಿಗಳಿಗೆ ಒಟ್ಟಿಗೆ ತಾಗಿದ ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳನ್ನು ಸುಡುತ್ತದೆ. ಒಂದು ಬಕೆಟ್ ಶುದ್ಧ ನೀರು, ಒಂದು ಪೊಟ್ಟಣ ಅಡುಗೆ ಸೋಡಾ, ಒಂದು ಬಕೆಟ್ ಮರಳು ಹತ್ತಿರ ಇರಲಿ.

1. ಚಾರ್ಜರಿನ ಸ್ವಿಚ್ಚು ಆಫ್ ಇರಬೇಕು, ಪ್ಲಗ್ ಗೋಡೆಯಿಂದ ಹೊರಗಿರಬೇಕು.

2. ಬ್ಯಾಟರಿಯನ್ನು ಜನರೇಟರಿನಿಂದ ಬಿಡಿಸಿ. ಬಿಡಿಸುವಾಗ ಮೊದಲು ಋಣ, ಅಂದರೆ ಮೈನಸ್ ವೈರು. ಮರಳಿ ಜೋಡಿಸುವಾಗ ಅದು ಕೊನೆಗೆ.

3. ತುದಿಗಳ ಬಿಳಿ ಹಸಿರು ಕಿಲುಬನ್ನು ಸೋಡಾ ನೀರಿನಿಂದ ಒರೆಸಿ ಒಣಗಿಸಿ. ಬಿರಡೆಗಳ ಸಣ್ಣ ರಂಧ್ರ ಮುಚ್ಚಿರಬಾರದು, ಸೋಡಾ ನೀರು ಒಳಗೆ ಇಳಿಯಲೂಬಾರದು.

4. ಆಯ್ಕೆಯ ಗುಂಡಿ 12ರ ಮೇಲೋ 24ರ ಮೇಲೋ, ಇನ್ನೊಮ್ಮೆ ನೋಡಿ.

5. ಕೆಂಪು ಕ್ಲಿಪ್ಪನ್ನು ಪ್ಲಸ್ ಗುರುತಿಗೆ, ಕಪ್ಪನ್ನು ಮೈನಸ್ ಗುರುತಿಗೆ ಗಟ್ಟಿಯಾಗಿ ಕಚ್ಚಿಸಿ. ವೈರಿನ ಬಣ್ಣ ನಂಬಿ ಮಾಡಬೇಡಿ, ಬ್ಯಾಟರಿಯ ಮೇಲಿನ ಗುರುತು ಓದಿ ಮಾಡಿ. ಅದಲುಬದಲಾದರೆ ಯಂತ್ರ ಸುಡಬಹುದು, ಬ್ಯಾಟರಿ ಸಿಡಿಯಬಹುದು.

6. ಪ್ಲಗ್ ಹಾಕಿ, ಆಮೇಲೆ ಸ್ವಿಚ್ಚು. ಕರೆಂಟಿನ ಗುಂಡಿ ಇದ್ದರೆ ತೀರಾ ಕಡಿಮೆಯಿಂದ ನಿಧಾನವಾಗಿ ಏರಿಸಿ.

7. ಮೊದಲ ಸಲ ಚಾರ್ಜು ಮುಗಿಯುವವರೆಗೂ ಒಬ್ಬರು ಸಂಘದಲ್ಲೇ ಇರಬೇಕು. ಗಂಟೆಗೊಮ್ಮೆ ವೋಲ್ಟೇಜು, ಆಂಪಿಯರು, ಬ್ಯಾಟರಿಯ ಬಿಸಿ ಮೂರನ್ನೂ ಪುಸ್ತಕದಲ್ಲಿ ಬರೆಯಿರಿ. ಬ್ಯಾಟರಿಯ ಪಕ್ಕಕ್ಕೆ ಕೈಯಿಡಲಾಗದಷ್ಟು ಬಿಸಿಯಾದರೆ, ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ, ವೈರು ಅಥವಾ ಪ್ಲಗ್ ಕಾದರೆ ತಕ್ಷಣ ಸ್ವಿಚ್ಚು ಆರಿಸಿ.

8. ಮುಗಿದ ಮೇಲೆ ಮೊದಲು ಸ್ವಿಚ್ಚು, ನಂತರ ಪ್ಲಗ್. ಐದು ಹತ್ತು ನಿಮಿಷ ಅನಿಲ ಹೋಗಲು ಬಿಟ್ಟು ಕಪ್ಪು ಕ್ಲಿಪ್ಪು, ಕೊನೆಗೆ ಕೆಂಪು ಕ್ಲಿಪ್ಪು ತೆಗೆಯಿರಿ. ಚಾರ್ಜ್ ಆಗುತ್ತಿರುವಾಗಲೇ ಕ್ಲಿಪ್ಪು ಎಳೆದರೆ ಕಿಡಿ ಹಾರುವುದು ಅನಿಲ ತುಂಬಿದ ಜಾಗದಲ್ಲೇ ಎಂಬುದನ್ನು ಮರೆಯಬೇಡಿ.

ಕಣ್ಣಿಗೆ ಆಮ್ಲ ಹಾರಿದರೆ ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ, 108ಕ್ಕೆ ಫೋನು ಮಾಡಿ. ಸೋಡಾ ಇರುವುದು ನೆಲಕ್ಕೆ ಸುರಿದ ಆಮ್ಲಕ್ಕೆ, ಕಣ್ಣಿಗಲ್ಲ. ಯಾರಿಗಾದರೂ ಶಾಕ್ ಹೊಡೆದಿದ್ದರೆ ಮೈಮುಟ್ಟದೆ ಮೊದಲು ಮೇನ್ ಸ್ವಿಚ್ಚು ಆರಿಸಿ.

ಹಳೆಯ ಬ್ಯಾಟರಿ ಎಂಬ ವಿಷ

ಹೊಸ ಚಾರ್ಜರು ಬಂತೆಂದರೆ ಜೊತೆಗೆ ಹಳೆಯ ಬ್ಯಾಟರಿ ಮೂಲೆಗೆ ಬೀಳುತ್ತದೆ. ಸಂಘದ ಹಿಂದೆ, ಹುಲ್ಲಿನ ಬಣವೆಯ ಪಕ್ಕ, ಕೊಟ್ಟಿಗೆಯ ಜಗಲಿಯಲ್ಲಿ. ನನ್ನ ಸೇವೆಯಲ್ಲಿ ಇಂಥ ಪ್ರಕರಣಗಳನ್ನು ಕಂಡಿದ್ದೇನೆ. ಒಂದು ಹಳ್ಳಿಯಲ್ಲಿ ಕಟ್ಟಿದ್ದ ಎರಡು ಕರುಗಳು ಎರಡೇ ದಿನದಲ್ಲಿ ಸತ್ತವು. ಮನೆಯವರು ಹಾವು ಕಚ್ಚಿತು ಎಂದರು, ಹುಚ್ಚುನಾಯಿ ಎಂದರು. ಗೂಟದ ಹತ್ತಿರ ಒಡೆದ ಟ್ರ್ಯಾಕ್ಟರ್ ಬ್ಯಾಟರಿ ಬಿದ್ದಿತ್ತು. ಕರುಗಳು ನೆಕ್ಕಿ ನೆಕ್ಕಿ ಅದರ ಫಲಕದ ಅಂಚು ಹೊಳೆಯುತ್ತಿತ್ತು.

ದನಗಳಿಗೆ ಬ್ಯಾಟರಿಯ ಫಲಕದ ಉಪ್ಪುಪ್ಪು ರುಚಿ ಹಿಡಿಸುತ್ತದೆ. ಎಳೆಗರುಗಳು ಕಂಡದ್ದನ್ನೆಲ್ಲ ನೆಕ್ಕುತ್ತವೆ. ಮೇವಿನಲ್ಲಿ ಖನಿಜಾಂಶ ಕಡಿಮೆಯಿದ್ದರಂತೂ ಇನ್ನೂ ಹೆಚ್ಚು. ನುಂಗಿದ ಸೀಸದ ಚೂರು ಮೊಳೆ ತಂತಿಗಳಂತೆಯೇ ಎರಡನೆಯ ಹೊಟ್ಟೆಯಲ್ಲಿ ಕೂತು ದಿನದಿಂದ ದಿನಕ್ಕೆ ಕರಗಿ ರಕ್ತಕ್ಕೆ ಸೇರುತ್ತದೆ. ಲಕ್ಷಣಗಳನ್ನು ನೆನಪಿಡಿ: ಕಣ್ಣು ತೆರೆದಿದ್ದರೂ ಕಾಣದೆ ಗೋಡೆಗೆ ಹಾಯುವುದು, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು, ಜೊಲ್ಲು ಸುರಿಸುವುದು, ಕಿವಿ ಮತ್ತು ಮುಖದ ಮಾಂಸ ಅದುರುವುದು, ಕೊನೆಗೆ ಸೆಳವು. ದೊಡ್ಡ ಹಸುಗಳಲ್ಲಿ ಮಂಕು, ಮೇವು ಬಿಡುವುದು, ಮೊದಲು ಮಲಬದ್ಧತೆ, ಆಮೇಲೆ ನಾತದ ಭೇದಿ.

ಈ ಲಕ್ಷಣಗಳು ಹುಚ್ಚು ರೋಗವನ್ನೂ ಹೋಲುತ್ತವೆ. ಆದ್ದರಿಂದ ಬರಿಗೈಯನ್ನು ಬಾಯಿಗೆ ಹಾಕಿ ಔಷಧಿ ಕುಡಿಸಲು ಹೋಗಬೇಡಿ. ಕೂಡಲೇ ಪಶುವೈದ್ಯರನ್ನು ಅಥವಾ 1962ಕ್ಕೆ ಕರೆ ಮಾಡಿ, ಬ್ಯಾಟರಿ ನೆಕ್ಕಿರಬಹುದು ಎಂಬ ಅನುಮಾನವಿದ್ದರೆ ಮುಚ್ಚಿಡದೆ ಹೇಳಿ. ಬೇಗ ಗೊತ್ತಾದರೆ ಚಿಕಿತ್ಸೆಯಿದೆ, ತಡವಾದರೆ ಕಷ್ಟ. ಸೀಸ ಹಾಲಿನಲ್ಲೂ ಬರುತ್ತದೆ. ಬದುಕಿದ ಹಸುವಿನ ಹಾಲನ್ನು ವೈದ್ಯರು ಪರೀಕ್ಷೆ ಮಾಡಿಸಿ ಹೇಳುವ ತನಕ ಸಂಘಕ್ಕೂ ಹಾಕಬಾರದು, ಮನೆಯಲ್ಲೂ ಬಳಸಬಾರದು. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮರಳಿ ಸರಿಯಾಗುವಂಥದ್ದಲ್ಲ.

ಆದ್ದರಿಂದ ಹಳೆಯ ಬ್ಯಾಟರಿಯನ್ನು ಹೊಸದು ಕೊಂಡ ಅಂಗಡಿಗೇ ಮರಳಿಸಿ, ರಸೀದಿ ಪಡೆಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಯನ್ನು ಬೇರೆ ಕಸದೊಡನೆ ಸೇರಿಸದೆ ಸಂಗ್ರಹಣೆಗೋ ಮರುಬಳಕೆಗೋ ಒಪ್ಪಿಸುವುದು ಬಳಕೆದಾರರ ಹೊಣೆ. ಅದನ್ನು ಹಿತ್ತಲಲ್ಲಿ ಒಡೆದು ಸೀಸ ಕರಗಿಸುವವರ ಕೈಗೆ ಕೊಡಬೇಡಿ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

ಪ್ರಶ್ನೆ: ಡಾಕ್ಟರೇ, ರಾತ್ರಿ ಚಾರ್ಜಿಗೆ ಹಾಕಿ ಬೆಳಗಿನ ಹಾಲಿನ ಹೊತ್ತಿಗೆ ತೆಗೆದರೆ ಆಗದೇ?

ಉತ್ತರ: ತುಂಬಿದ ಮೇಲೆ ತಾನೇ ಕಡಿಮೆಯಾಗುವ ಯಂತ್ರವೇ ಎಂದು ಕೈಪಿಡಿ ನೋಡಿ. ಅಂಥದ್ದಾದರೂ ಮೊದಲ ಕೆಲವು ಸಲ ಹಗಲಿನಲ್ಲೇ, ಎದುರಿಗೆ ಇದ್ದು ಮಾಡಿ. ರಾತ್ರಿ ವೋಲ್ಟೇಜು ಏರಿಳಿಯುವಾಗ ಬೀಗ ಹಾಕಿದ ಕೋಣೆಯಲ್ಲಿ ಏನಾಯಿತೆಂದು ನೋಡುವವರು ಯಾರು?

ಪ್ರಶ್ನೆ: ಮಳೆಗಾಲದಲ್ಲಿ ಎರಚಲು ಒಳಗೆ ಬರುತ್ತದೆ, ಕಿಟಕಿ ಮುಚ್ಚಬಹುದೇ?

ಉತ್ತರ: ಚಾರ್ಜ್ ಆಗುವ ಹೊತ್ತಿನಲ್ಲಿ ಮುಚ್ಚಬೇಡಿ. ಕಿಟಕಿಯ ಮೇಲೆ ತಗಡಿನ ಸಜ್ಜೆ ಹಾಕಿಸಿ, ಇಲ್ಲವೇ ಯಂತ್ರದ ಜಾಗ ಬದಲಿಸಿ. ಎರಚಲು ಬೀಳುವ ಜಾಗ ಚಾರ್ಜರಿಗೂ ತಕ್ಕದ್ದಲ್ಲ.

ಪ್ರಶ್ನೆ: ಇಷ್ಟೆಲ್ಲ ಖರ್ಚನ್ನು ಆಡಳಿತ ಮಂಡಳಿ ಒಪ್ಪುತ್ತದೆಯೇ?

ಉತ್ತರ: ಚಾರ್ಜರಿನ ಖರೀದಿ ಠರಾವಿನಲ್ಲೇ ಸಾಕೆಟ್ಟು, ಅರ್ಥಿಂಗು, ಗವಸು, ಕನ್ನಡಕ ಇವನ್ನೂ ಸೇರಿಸಿ ಬರೆಯಿರಿ. ಹಸು ಕೊಂಡವನು ಹಗ್ಗ ಕೊಳ್ಳಲು ಬೇರೆ ಸಭೆ ಕರೆಯುವುದಿಲ್ಲವಲ್ಲ!

ಕೊನೆಯದಾಗಿ, ಈ ಯಂತ್ರವನ್ನು ಯಾರು ಮುಟ್ಟಬಹುದು ಎಂದು ಇಬ್ಬರ ಹೆಸರು ಗೊತ್ತುಮಾಡಿ ಗೋಡೆಗೆ ಬರೆದು ಹಾಕಿ. ಅದರ ಕೆಳಗೆ 'ಬೀಡಿ ಬೇಡ, ಕಿಟಕಿ ತೆರೆದಿರಲಿ, ಮೊದಲು ಕ್ಲಿಪ್ಪು ಆಮೇಲೆ ಸ್ವಿಚ್ಚು' ಎಂದು ದಪ್ಪಕ್ಷರದಲ್ಲಿರಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಸಂಘಗಳ ಪಾಲಿಗೆ ನಿಜವಾಗದಿರಲಿ. ಈ ವಾರವೇ ನಿಮ್ಮ ಸಂಘಕ್ಕೆ ಹೋದಾಗ ಎರಡು ಕೆಲಸ ಮಾಡಿ: ಪ್ಲಗ್ಗಿನ ಮೂರನೆಯ ಪಿನ್ನು ಇದೆಯೇ ನೋಡಿ, ಕಟ್ಟಡದ ಹಿಂದೆ ಹಳೆಯ ಬ್ಯಾಟರಿ ಬಿದ್ದಿದೆಯೇ ನೋಡಿ.